ನಿಂತಲ್ಲಿ ನಡುಗುವ ಕಾರು

ದಸ್ತಗೀರ್ ಸಾಹೇಬರ ಗ್ಯಾರೇಜು ಹೊಳೆಯ ದಂಡೆಯಲ್ಲಿತ್ತು. ಕೆಲಸ ಕಲಿಯಲು ಬಂದವರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

ಆರು ವರ್ಷದಿಂದ ಅಲ್ಲೇ ಇದ್ದ ಶಿಷ್ಯ ನಿಂಗರಾಜನಿಗೆ ಕೈ ಚುರುಕು. ನಾಲಿಗೆ ಅದಕ್ಕಿಂತ ಚುರುಕು.

ಉಸ್ತಾದರು ಪರವೂರಿನ ಮದುವೆ ಮುಗಿಸಿ ಬಂದ ಬೆಳಿಗ್ಗೆ ಚೌಡಮ್ಮ ಗ್ಯಾರೇಜಿಗೆ ನಡೆದುಕೊಂಡು ಬಂದಳು. ಅವಳು ಹೆರಿಗೆ ಆಸ್ಪತ್ರೆಯ ಕಾರು ಓಡಿಸುವವಳು.

“ಕಾರೆಲ್ಲಿ ತಾಯಿ?” ಎಂದರು ಉಸ್ತಾದರು.

“ನಿಮ್ಮ ಹಿಂದೇ ನಿಂತೈತಲ್ಲ. ಕೀಲಿ ನಿಮ್ಮ ಶಿಷ್ಯನ ಹತ್ರ ಐತೆ. ನನ್ನ ಕೆಲಸಾನೂ ಅವನೇ ಕಿತ್ಕೊಂಡವ್ನೆ.”

ನಿಂಗರಾಜ ಕಾರಿನ ಬಾನೆಟ್ಟಿನಿಂದ ತಲೆ ಎತ್ತಲಿಲ್ಲ.

“ಹೋದ ತಿಂಗಳು ಇವನು ಸರ್ವಿಸ್ ಮಾಡಿದ. ಆವತ್ತಿಂದ ಗಾಡಿ ನಿಂತ್ರೆ ಸಾಕು, ನಡುಗ್ತದೆ. ಮೊನ್ನೆ ರೈಲ್ವೆ ಗೇಟಲ್ಲಿ ನಿಲ್ಲಿಸಿದೆ. ಹಿಂದಿನ ಸೀಟಲ್ಲಿ ಬಸುರಿ, ನೋವು ತಿಂತಿದ್ಲು. ಗಾಡಿ ಗಡಗಡ ಅಂತ ನಡುಗಿ ಆಫ್ ಆಯ್ತು. ಗೇಟು ತೆಗೆದ್ರೂ ಏಳಲಿಲ್ಲ. ಒಂಬತ್ತನೇ ಸಲಕ್ಕೆ ಸ್ಟಾರ್ಟ್ ಆಯ್ತು. ಆಸ್ಪತ್ರೆ ಮೆಟ್ಟಿಲ ಮೇಲೇ ಹೆರಿಗೆ.”

“ಮಗು?”

“ಚೆನ್ನಾಗೈತೆ. ನಮ್ಮ ಪುಣ್ಯ. ಡಾಕ್ಟರಮ್ಮ ಫೋನ್ ಮಾಡಿ ಕೇಳಿದ್ರೆ ಇವನೇನಂದ ಗೊತ್ತಾ? ಗಾಡಿ ಸರಿಯಾಗಿದೆ, ಓಡಿಸೋ ಹೆಂಗಸಿಗೆ ಕ್ಲಚ್ ಒತ್ತೋಕೆ ಬರಲ್ಲ ಅಂದ. ಹನ್ನೊಂದು ವರ್ಷ ಓಡಿಸಿದೀನಿ ಸಾಹೇಬ್ರೇ. ನಿಂತ ಕಾಲಲ್ಲೇ ಕೀಲಿ ಕಿತ್ಕೊಂಡು, ಗಾಡೀನ ಇನ್ನೊಬ್ಬನ ಕೈಲಿ ಇಲ್ಲಿಗೆ ಕಳಿಸಿದ್ರು.”

ನಿಂಗರಾಜ ಸಿಡಿದ. “ನಾಲ್ಕು ಪ್ಲಗ್ಗೂ ಹೊಸದು ಹಾಕಿದೆ. ಎಂಜಿನ್ ಕೂರೋ ರಬ್ಬರ್ ಬದಲಿಸಿದೆ. ಆದ್ರೂ ನಡುಗ್ತದೆ. ಓಡಿಸಿ ಓಡಿಸಿ ಹಾಳು ಮಾಡಿದ್ರೆ ನಾನೇನು ಮಾಡ್ಲಿ?”

ಉಸ್ತಾದರ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

“ಸ್ಟಾರ್ಟ್ ಮಾಡಿ ಕೆಳಗಿಳಿ.”

ನಿಂಗರಾಜ ಹಾಗೇ ಮಾಡಿದ. ಕಾರು ಜ್ವರ ಬಂದವರ ಹಾಗೆ ನಡುಗತೊಡಗಿತು.

“ಈಗ ಕ್ಲಚ್ ಮೇಲೆ ಯಾರ ಕಾಲಿದೆ?”

ನಿಂಗರಾಜ ಖಾಲಿ ಸೀಟಿನ ಕಡೆ ನೋಡಿದ.

“ಪ್ಲಗ್ಗಿನ ವೈರು ಒಂದೊಂದೇ ತೆಗೆದು ಹಾಕು.”

ಯಾವ ವೈರು ತೆಗೆದರೂ ಎಂಜಿನ್ ಇನ್ನಷ್ಟು ಕುಗ್ಗಿತು.

“ನಾಲ್ಕೂ ದುಡೀತಿವೆ. ಮತ್ತೆ ಪ್ಲಗ್ ಯಾಕೆ ಬದಲಿಸಿದೆ?”

“ಸಾಮಾನ್ಯವಾಗಿ ಅದೇ ಹೋಗಿರ್ತದೆ ಉಸ್ತಾದ್.”

“ನಿನ್ನ ಮುಂದೆ ನಿಂತಿರೋದು ಸಾಮಾನ್ಯ ಅಲ್ಲ. ಈ ಕಾರು. ಆಕ್ಸಿಲರೇಟರ್ ಒತ್ತು.”

ಒತ್ತಿದ. ನಡುಕ ನಿಂತಿತು. ಬಿಟ್ಟ. ಮತ್ತೆ ಶುರುವಾಯಿತು.

“ಓಡುವಾಗ ಸುಮ್ಮನಿರ್ತದೆ, ನಿಂತಾಗ ನಡುಗ್ತದೆ. ಎಲ್ಲೋ ಸಂದಿನಿಂದ ಕಳ್ಳಗಾಳಿ ಎಂಜಿನ್ ಒಳಗೆ ಹೋಗ್ತಿರಬೇಕು. ಹುಡುಕು.”

ಉಸ್ತಾದರು ಒಂದು ಮೊಳ ರಬ್ಬರ್ ಕೊಳವೆ ಅವನ ಕೈಗಿಟ್ಟರು. ನಿಂಗರಾಜ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸಿದ. ಏರ್ ಫಿಲ್ಟರಿನ ಹಿಂದೆ ಬಂದಾಗ ಬುಸ್ಸೆನ್ನುವ ಸದ್ದು ಕೇಳಿ ಅವನ ಕೈ ನಿಂತಿತು.

ಅಲ್ಲಿ ಬೆರಳ ಗಾತ್ರದ ಪೈಪೊಂದು ಬುಡದಲ್ಲಿ ಸೀಳಿತ್ತು. ಸೀಳಿದ ಜಾಗವನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದ. ಎಂಜಿನ್ ತಣ್ಣಗೆ ಕೂತಿತು.

ಅವನ ಮುಖ ನೋಡಿಯೇ ಉಸ್ತಾದರಿಗೆ ತಿಳಿಯಿತು.

“ಯಾವಾಗ ಆಗಿದ್ದು ಇದು?”

ನಿಂಗರಾಜ ಪೈಪಿನಿಂದ ಹೆಬ್ಬೆಟ್ಟು ತೆಗೆಯದೆ ಹೇಳಿದ. “ಸರ್ವಿಸ್ ದಿನ ಫಿಲ್ಟರ್ ಬಿಚ್ಚುವಾಗ ಸ್ಕ್ರೂಡ್ರೈವರ್ ತಾಗಿತ್ತು. ಏನೂ ಆಗಿರಲಿಕ್ಕಿಲ್ಲ ಅಂದ್ಕೊಂಡೆ.”

ಚೌಡಮ್ಮ ಸರಕ್ಕನೆ ಮುಖ ತಿರುಗಿಸಿ ಹೊಳೆಯ ಕಡೆ ನೋಡಿದಳು.

ನಿಂಗರಾಜ ಗಡಿಬಿಡಿಯಿಂದ ಹೊಸ ಪೈಪು ತಂದು ಕೂರಿಸಿದ, ಕ್ಲಿಪ್ಪು ಬಿಗಿದ. ಕಾರು ಚಾಲೂ ಇದೆಯೋ ಇಲ್ಲವೋ ತಿಳಿಯದಷ್ಟು ಸದ್ದಿಲ್ಲದೆ ನಿಂತಿತು.

“ಸರಿಯಾಯ್ತು ಉಸ್ತಾದ್. ಪೈಪು ಹಳೇದಾಗಿ ಹರಿದಿತ್ತು ಅಂತ ಡಾಕ್ಟರಮ್ಮಂಗೆ ಫೋನ್ ಮಾಡಿ ಹೇಳ್ತೀನಿ. ಇವರ ತಪ್ಪೂ ಇಲ್ಲ, ನಮ್ಮ ತಪ್ಪೂ ಇಲ್ಲ.”

ಉಸ್ತಾದರು ಒಂದೇ ಎಳೆತಕ್ಕೆ ಹೊಸ ಪೈಪನ್ನು ಕಿತ್ತರು. ಕಾರು ಮತ್ತೆ ನಡುಗತೊಡಗಿತು.

“ಸರಿಯಾಗಿಲ್ಲ,” ಎಂದರು.

“ನೀವೇ ಕಿತ್ರಲ್ಲ!” ನಿಂಗರಾಜ ಕಿರುಚಿದ.

“ಹೌದು, ನಾನೇ ಕಿತ್ತೆ. ನಾನೇ ಅಂತ ಹೇಳೋಕೆ ಒಂದು ಕ್ಷಣವೂ ಹಿಡೀಲಿಲ್ಲ, ನೋಡಿದೆಯಾ?”

ನಿಂಗರಾಜನಿಗೆ ಅವಮಾನದಿಂದ ಕಣ್ಣು ಉರಿಯಿತು. ಕೈಲಿದ್ದ ಪಾನಾ ನೆಲಕ್ಕೆ ಬಡಿದು, ಗೇಟಿನ ತನಕ ಹೋಗಿ ನಿಂತ. ಉಸ್ತಾದರು ಕರೆಯಲಿಲ್ಲ. ಕಾರು ನಡುಗುತ್ತಲೇ ಇತ್ತು.

ಅವನು ತಾನಾಗಿಯೇ ತಿರುಗಿ ಬಂದ. ಪೈಪು ಕೂರಿಸಿದ. ಚೌಡಮ್ಮನ ಎದುರೇ ನಿಂತು ಫೋನ್ ಮಾಡಿದ.

“ಮೇಡಂ, ಪೈಪು ಸೀಳಿದ್ದು ನಾನು. ಗೊತ್ತಿದ್ದೂ ನೋಡಲಿಲ್ಲ. ಚೌಡಮ್ಮನ ಮೇಲೆ ಸುಳ್ಳು ಹೇಳಿದೆ.”

ಆ ಕಡೆಯಿಂದ ಬಂದ ಬೈಗುಳ ಮೂವರಿಗೂ ಕೇಳಿಸಿತು. ಕೊನೆಗೆ, ಕೀಲಿ ಅವಳಿಗೇ ಕೊಡು ಎಂದದ್ದೂ ಕೇಳಿಸಿತು.

ನಿಂಗರಾಜ ಕೀಲಿ ಚಾಚಿದ. “ತಪ್ಪಾಯ್ತಕ್ಕಾ.”

ಚೌಡಮ್ಮ ಕೀಲಿ ತೆಗೆದುಕೊಂಡಳು.

“ಆ ಹುಡುಗಿ ಹಿಂದಿನ ಸೀಟಲ್ಲಿ ನನ್ನ ಸೆರಗು ಹಿಡಕೊಂಡು, ಅಕ್ಕಾ ನಾನು ಸಾಯ್ತೀನಾ ಅಂತ ಕೇಳಿದ್ಲು,” ಎಂದಳು. “ನೀನು ನನ್ನ ಕ್ಲಚ್ಚಿನ ಮಾತಾಡಿದೆ.”

ಕಾರು ಹತ್ತಿ, ಬಾಗಿಲು ಎಳೆದುಕೊಂಡು ಹೊರಟೇಹೋದಳು. ತಿರುಗಿಯೂ ನೋಡಲಿಲ್ಲ.

ನಿಂಗರಾಜ ದೂಳು ಇಳಿಯುವ ತನಕ ಅಲ್ಲೇ ನಿಂತಿದ್ದ. ಆಮೇಲೆ ಗುರುವಿನ ಕಡೆ ತಿರುಗಿದ.

“ಎಲ್ಲಾ ಒಪ್ಕೊಂಡೆ ಉಸ್ತಾದ್. ಕಾಲು ಹಿಡಿಯೋದೊಂದು ಬಾಕಿ. ಆದ್ರೂ ಆಯಮ್ಮನ ಸಿಟ್ಟು ಇಳೀಲಿಲ್ಲವಲ್ಲ. ಇನ್ನೇನು ಮಾಡ್ಲಿ?”

ಉಸ್ತಾದರು ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಂಡರು.

“ಆ ಸಿಟ್ಟು ಅವಳದ್ದು. ಅದನ್ನೂ ಕಿತ್ಕೋಬೇಡ.”