ಕೂಗದ ಕುಕ್ಕರ್

ಕುಕ್ಕರ್ ಕೂಗಿದಾಗಲೆಲ್ಲ ಪಕ್ಕದ ಒಲೆಯ ದೋಸೆ ಕಾವಲಿಗೆ ಎಲ್ಲಿಲ್ಲದ ಖುಷಿ. "ನೋಡ್ರಪ್ಪಾ, ಈ ಮೆಂಟಲ್‌ಗೆ ಮತ್ತೆ ತಲೆ ಕೆಟ್ಟಿತು!" ಎನ್ನುವುದು. ಸೌಟು, ಲಟ್ಟಣಿಗೆಗಳು ಬಿದ್ದು ಬಿದ್ದು ನಗುವುವು.

"ಒಳಗೆ ಕುದಿಯುತ್ತಿದೆ ಅಣ್ಣಾ, ಅದಕ್ಕೇ ಕೂಗುತ್ತೇನೆ," ಎಂದಿತು ಕುಕ್ಕರ್.

"ಹುಚ್ಚಾಸ್ಪತ್ರೆಗೆ ಹೋಗಿ ಕೂಗು!" ಎಂದಿತು ಕಾವಲಿ.

ಮರುದಿನ ಕುಕ್ಕರ್ ನಾಚಿಕೆಯಿಂದ ಬಾಯಿ ಬಿಗಿಹಿಡಿದು ಕೂತಿತು. "ಈಗ ಮನುಷ್ಯನಾದೆ ನೋಡು!" ಎಂದು ಕಾವಲಿ ಹೊಗಳುವಷ್ಟರಲ್ಲಿ, ಢಮಾರ್! ಮುಚ್ಚಳ ಸೂರಿಗೆ, ಬೇಳೆ ಗೋಡೆಗೆ, ಕಾವಲಿ ದೋಸೆ ಸಮೇತ ಸಿಂಕಿಗೆ!

ರಿಪೇರಿಯಾಗಿ ಬಂದ ಕುಕ್ಕರ್ ಅಂಜುತ್ತಲೇ ಮೆಲ್ಲಗೆ ಕೂಗಿತು. "ಶುರುವಾಯ್ತು ಮೆಂಟಲ್‌ದು!" ಎಂದು ಸೌಟು ಕಿಸಕ್ಕನೆ ನಕ್ಕಿತು.

"ಬಾಯ್ಮುಚ್ಚು!" ಎಂದು ಗದರಿತು ಕಾವಲಿ. "ಕೂಗು ತಮ್ಮಾ, ಇನ್ನೂ ಜೋರಾಗಿ ಕೂಗು! ನೀನು ಕೂಗದ ದಿನ ಪಕ್ಕದ ಒಲೆಯ ಮೇಲಿದ್ದವನು ನಾನು!"