ಬೋರಲು ಲೋಟದ ದಿಬ್ಬ

ದಂಡಿನಹೊಸೂರಿನ ಹೊಸ ಬಡಾವಣೆಗೆ ಬರುವವರಿಗೆ ಮೊದಲು ಕಾಣುವ ಸೋಜಿಗವೆಂದರೆ ಅಲ್ಲಿನ ರಸ್ತೆ. ನೂಲು ಹಿಡಿದಂತೆ ನೆಟ್ಟಗೆ ಬಂದದ್ದು ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದವರ ಹಾಗೆ ಬಾಗಿ, ಬೇವಿನ ಮರಗಳಿರುವ ಒಂದು ದಿಬ್ಬವನ್ನು ಸುತ್ತಿ, ಮತ್ತೆ ನೆಟ್ಟಗಾಗುತ್ತದೆ. ದಿಬ್ಬದ ಮೇಲೆ ಸಿಪಾಯಿಗಳ ಸಮಾಧಿಗಳಿವೆ. ಒಂದೊಂದರ ತಲೆಯ ಕಡೆಗೂ ಒಂದು ಚಪ್ಪಡಿ, ಚಪ್ಪಡಿಯ ಮೇಲೆ ಬೋರಲಾಗಿ ಕವುಚಿದ ತಗಡಿನ ಲೋಟ. ಬಡಾವಣೆಗೆ ಕಾಗದದಲ್ಲಿ ಏನೋ ದೊಡ್ಡ ಹೆಸರಿದೆ. ಬಸ್ಸಿನ ಕಂಡಕ್ಟರು ಮಾತ್ರ "ಬೋರಲು ಲೋಟ ಇಳೀರಿ" ಎಂದೇ ಕೂಗುತ್ತಾನೆ. ಬೇಲಿಯಿಲ್ಲ, ಕಾವಲಿಲ್ಲ, ಆದರೂ ಊರಿನ ಯಾವ ಗುಜರಿಯವನೂ ಇದುವರೆಗೆ ಒಂದು ಲೋಟ ಎತ್ತಿಲ್ಲ. ಭಕ್ತಿಯಿಂದಲ್ಲ, ಎತ್ತಿದರೆ ಗಂಟುಬೀಳುವ ಕೆಲಸಕ್ಕೆ ಹೆದರಿ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಮನೆಗಳಿರಲಿಲ್ಲ, ದಂಡು ಇತ್ತು. ಬ್ಯಾರಕ್ಕುಗಳು, ಹೇಸರಗತ್ತೆಗಳ ಲಾಯ, ಬಾಬಾಜಾನ್ ಎಂಬ ಅಡುಗೆಯವನು ಹಗಲೆಲ್ಲ ಚಹಾ ಕಾಯಿಸುತ್ತಿದ್ದ ಅಡುಗೆಮನೆ. ಆ ಪಡೆಯಲ್ಲಿ ಒಂದು ರೂಢಿಯಿತ್ತು. ಹೊರಗೆ ಡ್ಯೂಟಿಗೆ ಹೋಗುವ ಸಿಪಾಯಿ ತನ್ನ ಲೋಟವನ್ನು ಹಲಗೆಯ ಮೇಲೆ ಬೋರಲು ಹಾಕಿ ಹೋಗಬೇಕು. ತಿರುಗಿ ಬಂದಾಗ ತಾನೇ ನೆಟ್ಟಗೆ ಮಾಡಿ ಚಹಾ ಹಾಕಿಸಿಕೊಳ್ಳಬೇಕು. ನಡುವೆ ಬೇರೆ ಯಾರಾದರೂ ಎತ್ತಿದರೆ ಲೋಟದ ಒಡೆಯನ ಬಾಕಿ ಕೆಲಸವೆಲ್ಲ ಎತ್ತಿದವನ ತಲೆಗೆ. ನಿದ್ದೆಗಣ್ಣಿನಲ್ಲಿ ಇನ್ನೊಬ್ಬರ ಲೋಟ ಎತ್ತಿ ಲಾಯದ ಲದ್ದಿ ಬಾಚಿದವರು ಬೇಕಾದಷ್ಟು ಮಂದಿ. ತಿರುಗಿ ಬಾರದವರ ಲೋಟಗಳನ್ನು ಬಾಬಾಜಾನ್ ಹಾಗೆಯೇ ಒಯ್ದು ದಿಬ್ಬದ ಮೇಲೆ ಬೋರಲಾಗಿ ಇಡುತ್ತಿದ್ದ. ಅವುಗಳಲ್ಲಿ ಒಂದು ಅಂತೋಣಪ್ಪನದು. ಅವನು ಗಡಿಯ ಹಿಮದಲ್ಲಿ ಮರೆಯಾದ, ದೇಹ ಸಿಗಲಿಲ್ಲ. ಅವನ ಲೋಟದ ಕೆಳಗೆ ಬರೀ ಮಣ್ಣು.

ಹೊರಡುವಾಗ ಅವನು ಹೆಂಡತಿ ಜ್ಞಾನಮ್ಮನಿಗೆ "ಚಹಾಕ್ಕೆ ನೀರಿಡು, ಬಂದೆ" ಎಂದಿದ್ದ. ಅದು ಅವನ ಹಳೆಯ ತಮಾಷೆ. ತಿಂಗಳುಗಟ್ಟಲೆ ಹೋಗುವಾಗಲೂ ಬೀದಿ ಕೊನೆಯ ಅಂಗಡಿಗೆ ಹೊರಟವನಂತೆ ಹಾಗೆಯೇ ಹೇಳುವವನು. ಜ್ಞಾನಮ್ಮ ಅಂದಿನಿಂದ ಪ್ರತಿ ಸಂಜೆ ನೀರಿಟ್ಟಳು. ಕೂದಲು ನರೆತ ಮೇಲೂ ಇಟ್ಟಳು. ಚಹಾದ ತಂಬಿಗೆ ಹಿಡಿದು ದಿಬ್ಬಕ್ಕೆ ಬಂದು, ತಾನೊಬ್ಬಳೇ ಕುಡಿದು, ಸೆರಗಿನಿಂದ ಆ ಲೋಟದ ಧೂಳು ಒರೆಸಿ ಹೋಗುವಳು. ಎತ್ತುತ್ತಿರಲಿಲ್ಲ. ಎತ್ತಬೇಕಾದವನು ಅವನು.

ಕಾಲ ಕಳೆದು ದಂಡು ಬೇರೆ ಊರಿಗೆ ಹೋಯಿತು, ಜಾಗ ಬಡಾವಣೆಗೆ ಬಂತು. ಒಂದು ಇಳಿಹೊತ್ತಿಗೆ ಓವರ್ಸಿಯರ್ ರಂಗಧಾಮಯ್ಯ ಆಳುಗಳೊಂದಿಗೆ ದಿಬ್ಬ ಹತ್ತಿದ. ರಸ್ತೆ ಹಾಯಿಸಲು ಸಮಾಧಿ ಅಗೆದು, ಸಿಕ್ಕ ಮೂಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಊರಾಚೆಯ ಹೊಸ ಸ್ಮಶಾನಕ್ಕೆ ಸಾಗಿಸುವುದು, ಏನೂ ಸಿಗದ ಕಡೆ ನೆಲ ಮಟ್ಟ ಮಾಡುವುದು ಎಂದು ಅವನಿಗೆ ಆಜ್ಞೆಯಾಗಿತ್ತು. ತಂಬಿಗೆ ಇಟ್ಟುಕೊಂಡು ಅಲ್ಲೇ ಕೂತಿದ್ದ ಜ್ಞಾನಮ್ಮ ಅದನ್ನು ಕೇಳಿ ಎದ್ದು ಬಂದಳು. ಮೂಳೆಯಿದ್ದವರು ಎಲ್ಲಿಗಾದರೂ ಹೋದಾರು. ಅವಳ ಗಂಡನದೆಂದು ಭೂಮಿಯ ಮೇಲೆ ಉಳಿದಿದ್ದು ಈ ಜಾಗವೊಂದೇ. ಅವಳು ಬಾಯಿ ತೆರೆಯುವ ಮೊದಲೇ ರಂಗಧಾಮಯ್ಯ ಲೋಟದ ಮೇಲೆ ಕೊರೆದ ಹೆಸರು ನೋಡಲೆಂದು ಅಂತೋಣಪ್ಪನ ಲೋಟವನ್ನೇ ಎತ್ತಿಬಿಟ್ಟ. ಬೇವಿನ ನೆರಳಲ್ಲಿ ಕೂತಿದ್ದ ಬಾಬಾಜಾನ್, ಆಗ ಹಣ್ಣುಮುದುಕ, ಬೊಚ್ಚುಬಾಯಿ ತೆರೆದು ನಕ್ಕ.

"ಸಿಕ್ಕಿಬಿದ್ರಿ ಸಾಹೇಬ್ರೆ. ಎತ್ತಿದವರು ಅವನ ಬಾಕಿ ಡ್ಯೂಟಿ ಮಾಡ್ಬೇಕು. ನಮ್ಮ ದಂಡಿನ ಕಾನೂನು."

"ಸತ್ತವನದೇನಯ್ಯ ಡ್ಯೂಟಿ? ಮಲಗೋದು ತಾನೆ? ಊಟ ಆದ್ಮೇಲೆ ದಿನಾ ಅದನ್ನೇ ಮಾಡ್ತೀನಿ."

ಆಳುಗಳು ನಕ್ಕರು. ಜ್ಞಾನಮ್ಮ ಅವನ ಕೈಯಲ್ಲಿ ನೆಟ್ಟಗಾಗಿದ್ದ ಲೋಟವನ್ನೇ ನೋಡುತ್ತಿದ್ದಳು.

"ಅವರದು ಬಾಕಿ ಇರೋದು ಒಂದೇ ಸ್ವಾಮಿ. ಬಂದು ಚಹಾ ಕುಡೀತೀನಿ ಅಂದಿದ್ರು. ತಂದಿದೀನಿ."

ಬೇಡವೆನ್ನಲಾರದೆ ರಂಗಧಾಮಯ್ಯ ಕೂತ. ಅವಳು ಲೋಟ ತೊಳೆದು ತುಂಬಿಸಿದಳು. ಅವನು ಒಂದು ಗುಟುಕು ಕುಡಿದ.

"ಸಕ್ಕರೆ ಜಾಸ್ತಿ ಆಯ್ತಲ್ಲಮ್ಮ."

"ಅವರಿಗೆ ಹಾಗೇ ಬೇಕು." ತಂಬಿಗೆ ಕೆಳಗಿಟ್ಟು ಕೇಳಿದಳು, "ಮಿಕ್ಕವರನ್ನ ಪೆಟ್ಟಿಗೇಲಿ ಒಯ್ತೀರಿ. ಇಲ್ಲಿ ಅಗೆದರೆ ಏನೂ ಇಲ್ಲ. ಇವರದೇನು ಒಯ್ತೀರಿ?"

"ಈ ಲೋಟ ಒಯ್ತೀವಮ್ಮ."

"ಒಯ್ದದ್ದು ಅವರಿಗೆ ಹೇಗೆ ಗೊತ್ತಾಗುತ್ತೆ? ಅವರು ಇಲ್ಲಿಗೇ ಬರ್ತಾರೆ."

ರಂಗಧಾಮಯ್ಯ ಹೇಗೋ ಕುಡಿದು ಮುಗಿಸಿ ಲೋಟ ಬೋರಲು ಹಾಕಹೋದ. ಜ್ಞಾನಮ್ಮ ಕೈ ಅಡ್ಡ ಹಿಡಿದಳು. "ಬೇಡ. ಬೋರಲು ಅಂದ್ರೆ ಹೊರಗೆ ಹೋಗಿದಾರೆ ಅಂತ. ಒಂದಿನವಾದ್ರೂ ಮನೇಲಿರ್ಲಿ."

ಮರುದಿನ ಆಳುಗಳು ಗುದ್ದಲಿ ಹಿಡಿದು ಬರುವಷ್ಟರಲ್ಲಿ ಒಂದೊಂದು ಲೋಟದ ಪಕ್ಕದಲ್ಲೂ ಆ ಸಿಪಾಯಿಯ ಮನೆಯ ಒಬ್ಬೊಬ್ಬ ಮುದುಕಿ ತಂಬಿಗೆ ಇಟ್ಟುಕೊಂಡು ಕೂತಿದ್ದಳಂತೆ. ಎತ್ತಿದರೆ ಈ ಮುದುಕಿಯೂ ಗಂಟುಬೀಳುತ್ತಾಳೆ, ಮನೆಯಲ್ಲಿರುವ ಅತ್ತೆಯೇ ಸಾಕೆಂದು ಒಬ್ಬ ಆಳೂ ಲೋಟ ಮುಟ್ಟಲಿಲ್ಲ. ರಂಗಧಾಮಯ್ಯ ಬೈಯಲಿಲ್ಲ. ಅಲ್ಲೇ ನಕ್ಷೆ ಹಾಸಿ, ರಸ್ತೆಯ ಗೆರೆ ಅಳಿಸಿ, ದಿಬ್ಬದ ಸುತ್ತ ಬಾಗಿಸಿದ. ಮೇಲಿನವರು ಕೇಳಿದ್ದಕ್ಕೆ, ಕೆಳಗೆ ಕದಲಿಸಲಾಗದ ಬಂಡೆಯಿದೆ ಎಂದನಂತೆ. ವರ್ಗವಾಗಿ ಹೋಗುವವರೆಗೆ ಸಂಜೆ ಸಂಜೆ ದಿಬ್ಬಕ್ಕೆ ಬಂದು ಆ ಅತಿ ಸಿಹಿಯ ಚಹಾ ಕುಡಿಯುತ್ತಿದ್ದ ಎಂದೂ ಹೇಳುತ್ತಾರೆ.

ಈಗ ಅಂತೋಣಪ್ಪನ ಲೋಟದ ಕೆಳಗಿನ ನೆಲ ಖಾಲಿಯಿಲ್ಲ. ಜ್ಞಾನಮ್ಮ ಅಲ್ಲಿ ಮಲಗಿದ್ದಾಳೆ. ನೋಡಲು ಹೋದವರಿಗೆ ಬೋರಲು ಲೋಟಗಳ ಸಾಲಿನಲ್ಲಿ ಅದೊಂದು ಮಾತ್ರ ನೆಟ್ಟಗೆ ನಿಂತದ್ದು ಕಾಣುತ್ತದೆ. ರಸ್ತೆಯ ತಿರುವಿನಲ್ಲಿರುವ ಚಹಾದಂಗಡಿಯವನು ಸಂಜೆಯ ಮೊದಲ ಚಹಾವನ್ನು ಅದಕ್ಕೆ ಸುರಿದು ಬರುತ್ತಾನೆ. ಬೆಳಗಾಗುವುದರೊಳಗೆ ಲೋಟ ಖಾಲಿ. ತಳಕ್ಕೆ ತುಕ್ಕು ಹಿಡಿದು ತೂತಾಗಿದೆ, ಎಲ್ಲ ಮಣ್ಣಿಗೆ ಸೋರುತ್ತದೆ ಎನ್ನುವ ಬುದ್ಧಿವಂತರೂ ಇದ್ದಾರೆ. ಅಂಗಡಿಯವನು ಅವರಿಗೆ ಎದುರಾಡುವುದಿಲ್ಲ. ಸಕ್ಕರೆ ಮಾತ್ರ ಒಂದು ಚಮಚ ಜಾಸ್ತಿ ಹಾಕುತ್ತಾನೆ.