ಮುಂದೂಡಿದ ಸಭೆ

"ನಮ್ಮ ಊರಸಭೆಯಲ್ಲಿ ಮುಚ್ಚುಮರೆ ಎಂಬುದೇ ಇಲ್ಲ ಮಹಾಸ್ವಾಮಿ! ಯಾರು ಬೇಕಾದರೂ ಬಂದು ನೋಡಲಿ" ಎಂದು ಯಜಮಾನ ಅಡವೀಶಯ್ಯ ಪಾಳೆಯಗಾರ ಭೈರನಾಯಕನ ಮುಂದೆ ಎದೆ ತಟ್ಟಿಕೊಂಡ. "ಒಂದೇ ಷರತ್ತು. ನೋಡುವವರು ತುಟಿ ಪಿಟಕ್ಕೆನ್ನಬಾರದು."

"ಆಗಲಿ" ಎಂದ ನಾಯಕ. ಅರಮನೆಯ ಬಡಗಿ ಕೆಂಚೋಜ ಮತ್ತು ಕುಂಬಾರಗೇರಿಯ ದ್ಯಾವಮ್ಮ ನೋಡಲು ಮುಂದೆ ಬಂದರು.

ದ್ಯಾವಮ್ಮನಿಗೆ ಸಭೆಯ ಮೋಜೇನೂ ಬೇಕಿರಲಿಲ್ಲ. ಅವಳ ಕೇರಿಯ ಬಾವಿಯ ಕಟ್ಟೆ ಕುಸಿದು ವರ್ಷವಾಗಿತ್ತು. ಹರದಾರಿ ದೂರದ ಹಳ್ಳದಿಂದ ನೀರು ಹೊತ್ತು ಹೊತ್ತು ಹೆಂಗಸರ ಸೊಂಟ ಬಿದ್ದುಹೋಗಿತ್ತು. ಅದನ್ನು ಕಟ್ಟಿಸುವ ಮಾತು ಸಭೆಗೆ ಬರುವುದಿತ್ತು.

ಇಬ್ಬರೂ ಚಾವಡಿಯಲ್ಲಿ ಕೂತರು. ಮಂಚದ ಮೇಲೆ ಐವರು ಹಿರಿಯರು. ಅಡವೀಶಯ್ಯ ಕೆಮ್ಮಿ, "ಸಭೆಯನ್ನು ಮುಂದೂಡಲಾಗಿದೆ" ಎಂದ.

ಇವರು ಮನೆ ಸೇರುತ್ತಲೇ ಸಭೆ ಮತ್ತೆ ಕೂಡಿತು. ಬಾವಿಗೆಂದು ತಂದಿದ್ದ ಕಲ್ಲು ಅಡವೀಶಯ್ಯನ ಹಿತ್ತಿಲಿಗೆ ಹೋಯಿತು.

ಎರಡನೇ ಸಲವೂ ಮುಂದೂಡಿದರು. ಆ ದಿನ ಬಾವಿಯ ರಾಟೆಯೂ ಹೋಯಿತು.

"ಇನ್ನು ಉಳಿದಿರೋದು ಬಾವಿಯ ತೂತು ಒಂದೇ ಕಣಣ್ಣ. ಅದನ್ನೂ ಹೊತ್ಕೊಂಡು ಹೋಗ್ತಾನೆ" ಎಂದು ದ್ಯಾವಮ್ಮ ಕಣ್ಣೀರು ಹಾಕಿದಳು.

"ಮಂಚದ ಕಾಲು ಅಲ್ಲಾಡ್ತಾ ಇದೆ, ಸರಿ ಮಾಡು ಅಂತ ಯಜಮಾನರು ನಂಗೆ ಹೇಳಿದಾರೆ. ಮಾಡ್ತೀನಿ, ಇರಕ್ಕ" ಎಂದ ಕೆಂಚೋಜ.

ಮೂರನೇ ಸಲ ಮಂಚಕ್ಕೆ ನೆಲ ಮುಟ್ಟುವ ಜಮಖಾನ ಹೊದಿಸಿತ್ತು. ಅಡವೀಶಯ್ಯ ಕೆಮ್ಮಿದ. "ಸಭೆಯನ್ನು ಮುಂದೂಡಲಾಗಿದೆ."

ಕೆಂಚೋಜ ತುಟಿ ಪಿಟಕ್ಕೆನ್ನದೆ ಎದ್ದು, ಜಮಖಾನದ ಕೆಳಗಿನ ಬೆಣೆ ಕಿತ್ತ. ದ್ಯಾವಮ್ಮ ಸೆರಗು ಸಿಕ್ಕಿಸಿದಳು. ಇಬ್ಬರೂ ಹಿಂದಿನಿಂದ ದೂಡಿದರು.

ಮಂಚಕ್ಕೆ ನಾಲ್ಕು ಗಾಲಿಗಳಿದ್ದವು! ಚಾವಡಿಯ ಮುಂದೆಯೇ ಇಳಿಜಾರು. ಐವರು ಹಿರಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು, "ಅಯ್ಯಯ್ಯೋ" ಎನ್ನುತ್ತಾ ಪೇಟೆಯ ನಡುವೆ ಸಾಗಿದರು. ಸೊಪ್ಪಿನವಳು ಕೈಮುಗಿದು ದಾರಿ ಬಿಟ್ಟಳು. ಕುಂಬಾರಗೇರಿಯ ಬಾವಿಯ ಬಾಯಿಗೆ ಒಂದು ಗೇಣು ಇರುವಾಗ ಕೆಂಚೋಜ ಬೆಣೆ ಕೊಟ್ಟು ಮಂಚ ನಿಲ್ಲಿಸಿದ.

ಗದ್ದಲ ಕೇಳಿ ನಾಯಕನೇ ಓಡಿಬಂದ. "ಏನಿದು ಕೆಂಚೋಜ?"

ಕೆಂಚೋಜ ತುಟಿ ಮುಟ್ಟಿ ತೋರಿಸಿದ.

"ಮಾತಾಡಪ್ಪಾ, ನಾನು ಹೇಳ್ತಿದ್ದೀನಿ!"

"ಬುದ್ಧೀ, ಮೂರು ಸಲ ಸಭೆ ಮುಂದೂಡಿದೀವಿ ಅಂದ್ರು. ನೋಡಿದ್ರೆ ಮಂಚ ಇದ್ದಲ್ಲೇ ಇದೆ. ಪಾಪ, ಮೇಲೆ ಕೂತ್ಕೊಂಡು ಅವರೇ ಹೇಗೆ ದೂಡ್ತಾರೆ? ಅದಕ್ಕೇ ನಾವು ಒಂದು ಕೈ ಹಾಕಿದ್ವಿ."

ನಾಯಕ ನಕ್ಕು ನಕ್ಕು ಪೇಟ ಬೀಳಿಸಿಕೊಂಡ. "ಏನು ಯಜಮಾನರೇ, ಬಾವಿಯ ವಿಚಾರ ಇವತ್ತು ಮುಗಿಯುತ್ತೋ?"

ಅಡವೀಶಯ್ಯನ ನಾಲಿಗೆಗೆ ಹಳೇ ಚಾಳಿ. "ಈ ಗಲಾಟೆಯಲ್ಲಿ ಹೇಗೆ ಮಹಾಸ್ವಾಮಿ? ನಾಳೆಗೆ ಮುಂದೂ..."

ದ್ಯಾವಮ್ಮ ಮಂಚಕ್ಕೆ ಕೈ ಹಚ್ಚಿದಳು.

"ಬೇಡ ತಾಯಿ! ಇಲ್ಲೇ! ಈಗಲೇ! ಕಲ್ಲೂ ನಿಮ್ಮದು, ರಾಟೆಯೂ ನಿಮ್ಮದು!"

ಹದಿನೈದು ದಿನದಲ್ಲಿ ಬಾವಿಯ ಕಟ್ಟೆ ಎದ್ದು ನಿಂತಿತು. ನಾಯಕ ಕೆಂಚೋಜನಿಗೆ ಬೆಳ್ಳಿಯ ಕಡಗ, ದ್ಯಾವಮ್ಮನಿಗೆ ಸೀರೆ ಕೊಟ್ಟ.

ಅಡವೀಶಯ್ಯ ಮಾತ್ರ ಬಡಗಿಯ ಮನೆಗೆ ಅಲೆದು ಅಲೆದು ಸೋತ. "ಕೆಂಚೋಜ, ಆ ಗಾಲಿ ಯಾವಾಗ ಬಿಚ್ಚುತ್ತೀಯಪ್ಪಾ?"

ಕೆಂಚೋಜ ಒಮ್ಮೆ ಕೆಮ್ಮಿದ. "ಆ ಕೆಲಸವನ್ನು ಮುಂದೂಡಲಾಗಿದೆ, ಯಜಮಾನರೇ."